ಕಾಲಕೆಳಗ ತೊಯ್ದ ಚಾಪಿ

ನಮ್ಮ ಕಾರಿಗೆ ಈಗ 14 ವರ್ಷ. ಮಗಳು ಎಸ್ಸೆಸ್ಸೆಲ್ಸಿ ಇದ್ದಾಗ ತಗೊಂಡಿದ್ದು, ಈಗ ಅಕೀಗೇ ಒಂದು ಕೂಸು ಐತಿ. ನಂಗ ಕಾರ್ ಹೊಡಿಯಾಕ ಬರೂದಿಲ್ಲ. ಎಡಗಡೆ ಸೀಟಿನ್ಯಾಗ ಕೂತು, ಬಾಳೆಹಣ್ಣು ಸುಲಿದು ಕೊಡೂದು, ಇಷ್ಟ ನನ್ನ ಕೆಲಸ. ಬಾನೆಟ್ಟಿನ ಒಳಗ ಏನೈತಿ ಅನ್ನೂದು ನನ್ನ ಮಾತಲ್ಲ ಅಂತ ಇದ್ದಾಕಿ ನಾನು.

ಪ್ರತಿ ಐತವಾರ ಧಾರವಾಡದಿಂದ ಬೆಳಗಾವಿಗೆ ಹೋಗತೇವಿ. ಅಲ್ಲೆ ತಮ್ಮನ ಮನ್ಯಾಗ ನಮ್ಮವ್ವ ಅದಾಳ. ಮುಂಜಾನಿಂದ ಬಾಗಲ ಕಡೆ ಕಣ್ಣಿಟ್ಟು ಕೂಡತಾಳ. ಹೋದ ನವೆಂಬರಿನ್ಯಾಗ ಹಿಂಗ ಹೊಂಟಾಗ ಕಿತ್ತೂರು ದಾಟಿ ಸ್ವಲ್ಪ ದೂರ ಹೋಗಿದ್ವಿ, ಕಾರಿನ ಬಿಸಿ ತೋರಿಸೂ ಮುಳ್ಳು ಮ್ಯಾಲೆ ಮ್ಯಾಲೆ ಏರಾಕ ಹತ್ತಿತು. ನಮ್ಮ ಮನಿಯವ್ರು ಗಾಡಿ ಬಾಜೂಕ ಹಚ್ಚಿ, ಬಾನೆಟ್ ಎತ್ತಿ, ಕರ್ಚೀಫು ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕ ಕೈ ಹಾಕಿದ್ರು. ನಂಗ ಏನ ತಿಳೀತೋ ಏನೋ, ಕೈ ಹಿಡದು ಎಳದೆ. "ಸೀಟಿ ಹೊಡ್ಯಾಕ ಹತ್ತಿದ ಕುಕ್ಕರಿನ ಮುಚ್ಚಳ ತಗೀತೀರೇನು?" ಅಂದೆ.

ಖರೇನ ಅದು ಕುಕ್ಕರ್ ಇದ್ದಂಗ. ನೀರು ಬಯಲಿನ್ಯಾಗ 100 ಡಿಗ್ರಿಗೆ ಕುದೀತೈತಿ, ಕುಕ್ಕರಿನ್ಯಾಗ ಉಗಿ ತಡದು ಹಿಡದಿದ್ದಕ್ಕ ಸುಮಾರು 120 ಡಿಗ್ರೀತನಾ ಕುದಿಯೂದಿಲ್ಲ. ರೇಡಿಯೇಟರ್ ಮುಚ್ಚಳದಾಗೂ ಒಂದು ಸ್ಪ್ರಿಂಗ್ ಇಟ್ಟು ಹಂಗ ಒತ್ತಡ ಹಿಡದಿರತಾರ. ಬಿಸಿ ಇದ್ದಾಗ ತಗದ್ರ ಒತ್ತಡ ಹೋಗಿ ಒಮ್ಮೆಲೆ ಉಕ್ಕಿ ಮುಖಕ್ಕ ಹೊಡೀತೈತಿ. ಗಿಡದ ನೆಳ್ಳಾಗ ಒಂದ ತಾಸು ಕೂತ್ವಿ. ಅವ್ವ ಮೂರು ಸಲ ಫೋನ್ ಮಾಡಿದ್ಲು. ಆರಿದ ಮ್ಯಾಲೆ ಕುಡಿಯೂ ನೀರ ಹಾಕಿ ಮುಟ್ಟಿದ್ವಿ.

ಮುಂದಿನ ಐತವಾರ ಮತ್ತ ಒಂದ ಲೀಟರ್ ಕಮ್ಮಿ. ಎಲ್ಲಿ ಹೋತು? ರಾತ್ರಿ ಕಾರಿನ ಕೆಳಗ ಹಳೇ ಪೇಪರ್ ಹಾಸಿ ಇಟ್ವಿ, ಮುಂಜಾನೆ ನೋಡಿದ್ರ ಒಂದ ಹನಿ ಇಲ್ಲ. ಗ್ಯಾರೇಜಿಗೆ ಒಯ್ದರು. ಅಲ್ಲಿಯವ ನೋಡಿದಂಗ ಮಾಡಿ, "ಹೊರಗ ಸೋರೂದಿಲ್ಲ ಅಂದ್ರ ಒಳಗ ಸುಡಾಕ ಹತ್ತೈತಿ, ಹೆಡ್ ಗ್ಯಾಸ್ಕೆಟ್ ಹೋಗೇತಿ, 38 ಸಾವಿರ ಆಗತೈತಿ" ಅಂದನಂತ. ನಮ್ಮವ್ರು ಮನಿಗೆ ಬಂದು, "ಗಾಡಿಗೇ ಅಷ್ಟು ಬೆಲಿ ಇಲ್ಲ, ಮಾರಿಬಿಡೂಣು" ಅಂದ್ರು. ನಾನು ಸುಮ್ಮ ರೊಟ್ಟಿ ಬಡದೆ. ನನ್ನ ಮಣಕಾಲಿಗೆ ಬಸ್ಸಿನ ಮೆಟ್ಟಲ ಆಗೂದಿಲ್ಲ. ಕಾರ್ ಹೋದ್ರ ಅವ್ವನ ಐತವಾರನೂ ಹೋತು. ಅದನ್ನ ಬಾಯಿ ಬಿಟ್ಟು ಹೇಳಾಕ ಆಗಲಿಲ್ಲ.

ಇದರ ನಡಕ ಇನ್ನೊಂದು ನಡದಿತ್ತು. ನಾ ಕೂಡೂ ಕಡೆ ಕಾಲಕೆಳಗಿನ ಚಾಪಿ ಹದಿನೈದು ದಿವಸದಿಂದ ತೊಯ್ದಿತ್ತು. "ನಿನ್ನ ನೀರಿನ ಬಾಟ್ಲಿ ಸೋರತೈತಿ" ಅಂತ ಇವರು ಬೈದ್ರು. ಬಾಟ್ಲಿ ಬದಲಿ ಮಾಡಿದೆ, ಆದರೂ ಹಸಿ. "ಹಂಗಾರ ಎಸಿ ನೀರು" ಅಂದ್ರು. ಎಸಿ ಹಚ್ಚದ ಎಷ್ಟು ದಿವಸ ಆಗಿತ್ತು!

ಆವತ್ತ ಮಧ್ಯಾಹ್ನ ಹೋಗಿ ಚಾಪಿ ಎತ್ತಿ, ಅದರ ಕೆಳಗಿನ ಕಾರ್ಪೆಟ್ಟಿಗೆ ಬಿಳಿ ಅರಿವಿ ಒತ್ತಿ ನೋಡಿದೆ. ಅರಿವಿಗೆ ತಿಳಿ ಹಸರು ಬಣ್ಣ ಹತ್ತಿತು. ಬೆರಳಾಗ ತಿಕ್ಕಿದ್ರ ಎಳಿ ಬರೂಕಿಂತ ಮೊದಲಿನ ಸಕ್ಕರಿ ಪಾಕ ಇದ್ದಂಗ ಅಂಟಂಟ, ಸೀ ವಾಸನಿ. ನೀರಾಗಿದ್ರ ಎರಡ ದಿವಸಕ್ಕ ಒಣಗತಿತ್ತು, ಎಸಿ ನೀರಿಗೆ ಬಣ್ಣ ಇಲ್ಲ, ಅಂಟೂ ಇಲ್ಲ. ಮುಂದಿನ ಗಾಜಿನ ಒಳಗ ಎಣ್ಣಿ ಹಚ್ಚಿದಂಗ ಮಂಜು ಕೂಡತಿತ್ತು, ಅದನ್ನ ಒರಿಸಿ ಒರಿಸಿ ಸಾಕಾಗಿತ್ತು. ಅದೂ ಆವಾಗ ನೆನಪಾತು.

"ಎಂಜಿನ್ ಮುಂದೈತಿ, ಚಾಪಿ ಒಳಗೈತಿ, ಹ್ಯಾಂಗ ಬರತೈತಿ?" ಅಂತ ಇವರು ನಕ್ಕರು. ನಂಗ ಉತ್ತರ ಗೊತ್ತಿರಲಿಲ್ಲ. ಆದ್ರ ಅರಿವಿ ಕೈಯಾಗ ಇತ್ತಲ್ಲ, ಅದನ್ನ ತಗೊಂಡು ನಮ್ಮ ಓಣಿ ತುದಿಗೆ ಇರೂ ವಯಸ್ಸಾದ ಮೇಸ್ತ್ರಿ ಹತ್ತರ ಹೋದೆ. ಇವರೂ ಹಿಂದಿಂದ ಬಂದ್ರು.

ಮೇಸ್ತ್ರಿ ಮೂಸಿ ನೋಡಿ ಏನೂ ಮಾತಾಡಲಿಲ್ಲ. ಮರುದಿನ ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತಗದು, ಆ ಜಾಗಾಕ್ಕ ಗಡಿಯಾರದಂಥಾ ಮೀಟರ್ ಇದ್ದ ಕೈಪಂಪ್ ಕೂಡಿಸಿದ. ಮುಚ್ಚಳದ ಮ್ಯಾಲೆ 0.9 ಅಂತ ಬರದಿತ್ತು, ಅಷ್ಟಕ್ಕ ಗಾಳಿ ಹೊಡದು ಬಿಟ್ಟ. ಹತ್ತ ನಿಮಿಷಕ್ಕ ಮುಳ್ಳು 0.6ಕ್ಕ ಇಳೀತು. ರಬ್ಬರ್ ಪೈಪ್ ಎಲ್ಲಾ ಒಣ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತೂ ಒಣ. ಎಣ್ಣಿ ಹಾಕೂ ಮುಚ್ಚಳ ತಗದು ತೋರಿಸಿದ. ಗ್ಯಾಸ್ಕೆಟ್ ಹೋಗಿದ್ರ ಎಷ್ಟೋ ಸಲ ಇಲ್ಲೆ ಮಜ್ಜಿಗಿ ಹಂಗ ಬೆಳ್ಳಗ ಕೂತಿರತೈತಿ, ಹಿಂದ ಬಿಳೀ ಹೊಗಿ ಬರತೈತಿ ಅಂದ. ಎರಡೂ ಇರಲಿಲ್ಲ. ಆಮ್ಯಾಲೆ ನನ್ನ ಸೀಟಿನ ಕಡೆ ಬಗ್ಗಿ, ಡ್ಯಾಶ್‌ಬೋರ್ಡ್ ಕೆಳಗ ಕೈ ಹಾಕಿ ತಗದ. ಬೆರಳು ಹಸರು! "ಅಕ್ಕಾರ ಹೇಳಿದ್ದ ಖರೆ ಐತಿ ಸರ."

ಹೀಟರಿಗೆ ಅಂತ ಡ್ಯಾಶ್‌ಬೋರ್ಡ್ ಒಳಗ ಒಂದು ಸಣ್ಣ ರೇಡಿಯೇಟರ್ ಇರತೈತಂತ. ಎಂಜಿನ್ನಿನ ಬಿಸಿ ಕೂಲಂಟೇ ಅದರೊಳಗ ಹೊಕ್ಕು ಬರೂದು. ನಾವು ಹೀಟರ್ ಹಚ್ಚಲಿ, ಬಿಡಲಿ, ನಮ್ಮಂಥಾ ಕಾರಿನ್ಯಾಗ ಅದು ಹರೀತನ ಇರತೈತಿ. ಅದಕ್ಕ ತೂತು ಬಿದ್ದಿತ್ತು. ಯಾಕ ಬಿತ್ತು ಅಂದ್ರ, "ಯಾವ ನೀರ ಹಾಕತಿದ್ರಿ?" ಅಂತ ಕೇಳಿದ. ಬೋರಿನ ನೀರು. ನಾನ ತಂಬಿಗಿ ತುಂಬಿ ತುಂಬಿ ತಂದು ಕೊಡತಿದ್ದೆ. ನಮ್ಮ ಕುಕ್ಕರಿನ ತಳಕ್ಕ ಬಿಳೀ ಪೊರಿ ಕಟ್ಟಿಸೂದು ಅದ ನೀರು. ಇಷ್ಟೊತ್ತು ಗೆದ್ದಾಕಿ ಹಂಗ ನಿಂತಿದ್ದೆ, ಈಗ ಇವರ ಮುಖ ನೋಡಲಿಲ್ಲ.

ಹೊಸಾದು ಹಾಕಬೇಕಂದ್ರ ಡ್ಯಾಶ್‌ಬೋರ್ಡೆಲ್ಲಾ ಬಿಚ್ಚಬೇಕು, ಕೂಲಿನ ಹೆಚ್ಚು. ಸದ್ಯಕ್ಕ ಹೀಟರಿಗೆ ಹೋಗಿ ಬರೂ ಎರಡು ಪೈಪ್ ಎಂಜಿನ್ ಕಡೆಗೇ ಒಂದಕ್ಕೊಂದು ಜೋಡಿಸಿ, ಡಿಸ್ಟಿಲ್ಡ್ ನೀರು, ಕೂಲಂಟ್ ಸಮಾ ಸಮಾ ಕೂಡಿಸಿ ಹಾಕಿ ಕೊಟ್ಟ. ಕೂಲಂಟ್ ಬಿಟ್ಟು 600 ರೂಪಾಯಿ. ಧಾರವಾಡದ ಡಿಸೆಂಬರ್ ಥಂಡಿಗೆ ಇನ್ನ ಹೀಟರ್ ಇಲ್ಲ, ನನ್ನ ಮಣಕಾಲಿಗೆ ಶಾಲು.

ಚಾಪಿ, ಕಾರ್ಪೆಟ್ ತೊಳಿಯೂ ಮುಂದ ಗೇಟ್ ಹಾಕಿಕೊಂಡೆ. ನಮ್ಮ ಗೇಟಿನ ಹೊರಗ ನಾಯಿಮರಿ ಅದಾವು. ಕೂಲಂಟ್ ಸೀ ಇರತೈತಿ ಅಂತ ಅವು ನೆಕ್ಕಿದ್ರ ಮೂತ್ರಪಿಂಡ ಕೆಟ್ಟು ಸಾಯತಾವು. ಮೂರು ಸಲ ಸೋಪಿನ ನೀರು, ಆಮ್ಯಾಲೆ ಎರಡ ದಿವಸ ಬಿಸಲು. ಒಂದ ನಾಕ ದಿವಸ ಕಾರಿನ್ಯಾಗ ಸೀ ವಾಸನಿ ಇತ್ತು, ಹೋತು.

ಈಗ ಐತವಾರ ಮುಂಜಾನೆ ಚಹಾಕ್ಕಿಂತ ಮೊದಲ, ಎಂಜಿನ್ ತಣ್ಣಗಿದ್ದಾಗ, ಬಾನೆಟ್ ಎತ್ತಿ ಡಬ್ಬಿ ನೋಡಾಕಿ ನಾನ. ಮೊದಲನೇ ದಿವಸ ಎಲ್ಲಿತ್ತೋ ಅಲ್ಲೆ ಮೊಮ್ಮಗನ ಸ್ಕೆಚ್ ಪೆನ್ನಿನಿಂದ ಒಂದು ಗೆರಿ ಎಳದೇನಿ. ಮೊನ್ನೆ ಹತ್ತನೇ ಐತವಾರ ಆತು, ಗೆರೀಗೆ ಸರಿಯಾಗಿ ಐತಿ. "ಹೆಂಗೈತಿ?" ಅಂತ ಇವರು ಒಳಗಿಂದ ಕೇಳಿದ್ರು. "ಹೊಂಡ್ರಿ, ಅವ್ವ ಕಾಯಾಕ ಹತ್ತಿರತಾಳ" ಅಂದೆ.