ಖಾರದ ಚಾಕಲೇಟು

ಹಾಲಿಗೆ ಮೆಣಸಿನಪುಡಿ ಹಾಕುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿರಲಿಲ್ಲ. ಕಳೆದ ಚಳಿಗಾಲದಲ್ಲಿ ಕಂಡೆ. ಅದೂ ಯಲಬುರ್ಗಾದ ನನ್ನ ಸ್ವಂತ ಅಡಿಗೆಮನೆಯಲ್ಲಿ.

ಹಾಕಿದವಳು ನನ್ನ ಸೊಸೆ. ಮಗ ಅಮೆರಿಕೆಯಲ್ಲಿ ಮದುವೆಯಾದ ಹುಡುಗಿ, ಮೆಕ್ಸಿಕೋ ದೇಶದವಳು. ಮದುವೆಯ ಸುದ್ದಿ ಫೋನಿನಲ್ಲಿ ಬಂದಾಗ ‘ಆಗಲಿ’ ಎಂದು ಬಾಯಿ ಅಂದಿತ್ತು, ಮನಸ್ಸು ಅಂದಿರಲಿಲ್ಲ. ಆಕೆ ಬಂದ ಮೇಲೆ ಎಂಟು ದಿನ ಒಲೆಯ ಹತ್ತಿರ ಬಿಟ್ಟುಕೊಳ್ಳದೆ, ಬೀಗರಂತೆ ಕೂಡಿಸಿ ಬಡಿಸಿದೆ. ಮರ್ಯಾದೆ ಮಾಡಿಯೂ ಮನುಷ್ಯರನ್ನು ದೂರ ಇಡಬಹುದು.

ಒಂಬತ್ತನೆಯ ರಾತ್ರಿ ನನಗೆ ನೆಗಡಿ. ಕಷಾಯಕ್ಕೆ ಏಳಲಾರದೆ ಮಲಗಿದ್ದೆ. ಅಡಿಗೆಮನೆಯಲ್ಲಿ ಸಪ್ಪಳ. ಹೋಗಿ ನೋಡಿದರೆ ಒಲೆಯ ಮೇಲೆ ಎರಡು ಲೋಟ ಹಾಲು, ಅದರಲ್ಲಿ ಬೆರಳುದ್ದದ ದಾಲ್ಚಿನ್ನಿ, ಎರಡು ಚಮಚ ಕೋಕೋ, ಚಿಟಿಕೆ ಬ್ಯಾಡಗಿ ಮೆಣಸಿನಪುಡಿ. ಕೋಕೋವನ್ನು ಮಗ ಹುಬ್ಬಳ್ಳಿಯಿಂದ ತಂದಿದ್ದ. ಅದು ಪುತ್ತೂರಿನದು, ಅಲ್ಲಿ ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆ 1986ರಿಂದ ನಡೆದಿದೆ. ಆ ಕಡೆಯ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತಾರೆ.

ಸಕ್ಕರೆಯ ಡಬ್ಬಿ ಸಿಗದೆ ಆಕೆ ಬೆಲ್ಲಕ್ಕೆ ಕೈ ಹಾಕಿದಳು.

“ತಡಿಯವ್ವಾ, ಹಾಲು ಒಡಿತೈತಿ! ಕೆಳಗಿಳಿಸಿ ಹಾಕು” ಎಂದೆ.

ಆ ‘ಅವ್ವಾ’ ಹೇಗೆ ಬಾಯಿಗೆ ಬಂತೋ! ಮಾತು ತಿಳಿಯದಿದ್ದರೂ ಆಕೆ ತಿರುಗಿ ನೋಡಿ ನಕ್ಕಳು. ಮಗ ತಿಳಿಸಿ ಹೇಳಿದ. ಪಾತ್ರೆ ಇಳಿಯಿತು, ಬೆಲ್ಲ ಕರಗಿತು. ಬಳಿಕ ಗೂಟಕ್ಕೆ ತೂಗುಹಾಕಿದ್ದ ನನ್ನ ಅತ್ತೆಯ ಕಡಗೋಲನ್ನು ತೆಗೆದು, ಎರಡು ಅಂಗೈಗಳ ನಡುವೆ ಹೊಸೆದು ನೊರೆ ಎಬ್ಬಿಸಿದಳು. ಅವರಲ್ಲಿಯೂ ಇದಕ್ಕೆ ‘ಮೊಲಿನಿಯೊ’ ಎಂಬ ಕಟ್ಟಿಗೆಯ ಕಡಗೋಲಿದೆಯಂತೆ.

ಹಿಂದೆ ಅಲ್ಲಿಯ ಅಜ್ಟೆಕರು ಕೋಕೋವನ್ನು ನೀರಿನಲ್ಲಿ ಕಲಸಿ, ಮೆಣಸಿನಕಾಯಿ ಬೆರೆಸಿ ಕುಡಿಯುತ್ತಿದ್ದರೆಂದು ಮಗ ಹೇಳಿದ. ಆ ನಾಡಿನ ಮೆಣಸಿನಕಾಯಿಯೇ ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ಸಿಂಹಳದ ದಾಲ್ಚಿನ್ನಿ ಅವರಲ್ಲಿಗೆ ಹೋದದ್ದು. ನನಗೆ ನಾಚಿಕೆಯಾಯಿತು. ದಿನವೂ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಕೆಂಪು ಚಟ್ನಿ ಎಲ್ಲಿಯದೆಂದು ಒಮ್ಮೆಯೂ ಕೇಳದವಳು, ಸೊಸೆ ಎಲ್ಲಿಯವಳೆಂದು ಎಷ್ಟು ಸಲ ಕೇಳಿದ್ದೆ!

ಕುಡಿದೆ. ಮೊದಲು ಕಹಿ, ಆಮೇಲೆ ಸಿಹಿ, ಕಡೆಗೆ ಗಂಟಲಲ್ಲಿ ಸಣ್ಣ ಖಾರ. ನೆಗಡಿಗೆ ಹಿತವಾಯಿತು.

ಅವರು ಹೋಗಿ ಆರು ತಿಂಗಳಾಯಿತು. ಮಳೆ ಹಿಡಿದ ಸಂಜೆ ಈಗ ನಾನೇ ಮಾಡಿಕೊಳ್ಳುತ್ತೇನೆ. ನೊರೆ ಮಾತ್ರ ಆಕೆಯ ಕೈಯಲ್ಲಿ ಬಂದಷ್ಟು ಬರುವುದಿಲ್ಲ. ಮೊನ್ನೆ ಫೋನಿನಲ್ಲಿ ಹಾಗೆಂದೆ. ಕಲಿತ ನಾಲ್ಕು ಕನ್ನಡ ಮಾತುಗಳನ್ನು ಜೋಡಿಸಿ ಆಕೆ, “ಅತ್ತಿ, ಇನ್ನೂ ಕಡೀರಿ” ಎಂದಳು.

ಕಡೆಯುತ್ತಿದ್ದೇನೆ.