ಡಬ್ಬಗಳ ಸಾಲು

ಮಂಗಳೂರಿನಲ್ಲಿ ವರ್ಷದ ಮಸಾಲೆ ಪುಡಿ ಮಾಡಿಸುವುದು ಏಪ್ರಿಲ್, ಮೇ ತಿಂಗಳ ಕೆಲಸ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮೆಣಸು ಒಣಗುವುದಿಲ್ಲ. ಸರಿಯಾಗಿ ಒಣಗದ ಮೆಣಸಿನ ಪುಡಿಗೆ ಬೂಸ್ಟು ಬರುತ್ತದೆ. ಹಾಗಾಗಿ ಸೆಕೆಗಾಲದಲ್ಲಿ ಅಪ್ಪನ ಮಿಲ್ಲಿನ ಎದುರು ಬೆಳಗಾಗುವ ಮೊದಲೇ ಸಾಲು. ಸಾಲಿನಲ್ಲಿ ನಿಲ್ಲುತ್ತಿದ್ದದ್ದು ಡಬ್ಬಗಳು. ಡಬ್ಬದ ಒಡತಿಯರು ಹಲಸಿನ ಮರದ ಬುಡದಲ್ಲಿ ಕೂತು ಮಾತಾಡುತ್ತಿದ್ದರು.

ಮುಚ್ಚಳ ತೆಗೆದರೆ ಸಾಕು, ಯಾರ ಮನೆಯದ್ದೆಂದು ಮೂಗಿಗೆ ಗೊತ್ತಾಗುತ್ತಿತ್ತು. ಕ್ರೈಸ್ತರ ಬಫಾತ್ ಪುಡಿಯ ಸಾಮಾನು ಹೆಚ್ಚಾಗಿ ಹುರಿಯದೆ, ಬಿಸಿಲಲ್ಲೇ ಗರಿಗರಿ ಒಣಗಿಸಿದ್ದು: ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು, ಅರಸಿನ. ಬಂಟರ ಮನೆಯ ಕೋಳಿ ಗಸಿಯ ಮಸಾಲೆ ತೆಂಗಿನೆಣ್ಣೆಯಲ್ಲಿ ಹುರಿದುಕೊಂಡೇ ಬರುತ್ತಿತ್ತು, ಮೆಂತೆ ಕೆಂಪಗಾದ ಪರಿಮಳದೊಂದಿಗೆ. ಎಣ್ಣೆಗೆ ಮೆಷಿನಿನ ಜಾಲಿ ಕಟ್ಟಿಕೊಳ್ಳುವ ಕಾರಣ ಅಪ್ಪ ಅದನ್ನು ಕೊನೆಗೆ ಇಡುತ್ತಿದ್ದರು. ಕೊಂಕಣಿಗಳ ಸಾರಿನ ಪುಡಿಯಲ್ಲಿ ಇಂಗು. ಬ್ಯಾರಿಗಳ ಮನೆಯಿಂದ ಮಸಾಲೆಗಿಂತ ಅಕ್ಕಿಯೇ ಹೆಚ್ಚು. ರಂಜಾನ್ ಬಂತೆಂದರೆ ಪತ್ತಿರ್ ರೊಟ್ಟಿಗೆ ಹಿಟ್ಟು ನುಣ್ಣಗೆ ಬೇಕು. ಮೆಣಸು ಪುಡಿ ಮಾಡಿದ ಮೆಷಿನಿಗೆ ಒಂದೆರಡು ಹಿಡಿ ನುಚ್ಚು ಸುರಿದು ಓಡಿಸದೆ ಅಪ್ಪ ಬೇರೇನೂ ಹಾಕುತ್ತಿರಲಿಲ್ಲ. ಒಣ ಸಿಗಡಿಗಂತೂ ಪ್ರವೇಶವೇ ಇರಲಿಲ್ಲ, ತಂದವರು ಸ್ವಂತ ಅತ್ತೆಯಾದರೂ. ಬಟ್ಟೆಯ ಚೀಲದಿಂದ ಇಳಿಯುವ ಪುಡಿ ಕೈ ಸುಡುವಷ್ಟು ಬಿಸಿ. ಪೇಪರಿನ ಮೇಲೆ ಹರವಿ ಆರಿಸುವುದು ನನ್ನ ಕೆಲಸ. ಮೇ ಮುಗಿಯುವ ತನಕ ನನಗೆ ಶೀನು ನಿಲ್ಲುತ್ತಿರಲಿಲ್ಲ.

ಈ ಮೆಣಸಾದರೂ ನಮ್ಮದೇ? ಅಮೆರಿಕದ ಗಿಡ, 16ನೇ ಶತಮಾನದಲ್ಲಿ ಪೋರ್ಚುಗೀಸರೊಂದಿಗೆ ಬಂದದ್ದು. ಅದಕ್ಕೆ ಮೊದಲು ಕರಾವಳಿಯ ಖಾರಕ್ಕೆ ಹೆಚ್ಚಾಗಿ ಒಳ್ಳೆಮೆಣಸೇ ಗತಿ. ಅದೇ ಪೋರ್ಚುಗೀಸರ ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಸಾರಸ್ವತರೂ ದಕ್ಷಿಣಕ್ಕೆ ಬಂದರು, ಮತಾಂತರಗೊಂಡ ಕ್ರೈಸ್ತರೂ ಬಂದರು. ಬಿಟ್ಟು ಓಡಿದ್ದು ಅವರ ಕಾಟವನ್ನು, ಅವರ ಮೆಣಸನ್ನಲ್ಲ. ಕ್ರೈಸ್ತರು ವಿನೆಗರಿನ ಹುಳಿಯನ್ನೂ ಕಟ್ಟಿಕೊಂಡು ಬಂದರು.

ಮಿಲ್ಲಿನೆದುರಿನ ಮರದ ಬುಡದಲ್ಲಿ ಸಾರಸ್ವತರೂ ಕ್ರೈಸ್ತರೂ ಕೊಂಕಣಿ ಮಾತಾಡುತ್ತಿದ್ದರು, ನಾವು ತುಳು. "ಬಾಯಮ್ಮ, ಜೀರಿಗೆ ಎಷ್ಟು ಹಾಕಿದ್ರಿ?" ಎಂದು ನಮ್ಮಮ್ಮ ಕ್ರೈಸ್ತ ಹೆಂಗಸೊಬ್ಬರನ್ನು ಕೇಳಿದರೆ, "ಅಳತೆ ಎಲ್ಲುಂಟು ಅಕ್ಕ, ಕೈಗೆ ಬಂದಷ್ಟು" ಎಂಬ ಉತ್ತರ. ಪುಡಿಯ ಲೆಕ್ಕ ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಉಳಿದದ್ದೆಲ್ಲ ಬೇಲಿ ದಾಟುತ್ತಿತ್ತು. ಕ್ರೈಸ್ತರ ಇಡ್ಲಿಯಂಥ ‘ಸಣ್ಣ’ ಉಬ್ಬಬೇಕಾದರೆ ಕಳ್ಳು ಬೇಕಿತ್ತು. ಕಳ್ಳಿನ ಮೂರ್ತೆ ಮಾಡುತ್ತಿದ್ದ ನಮ್ಮ ದೊಡ್ಡಪ್ಪನ ಮನೆಗೆ ಹಬ್ಬದ ಮುನ್ನಾದಿನ ಅದಕ್ಕೆಂದು ಕ್ಯಾನ್ ಬರುತ್ತಿತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕ್ರೈಸ್ತರ ಮನೆಗಳಲ್ಲಿ ಮೀನು ಮಾಂಸವಿಲ್ಲ. ಇಗರ್ಜಿಯಿಂದ ತಂದ ಹೊಸ ತೆನೆಯ ಅಕ್ಕಿಯನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ, ತರಕಾರಿ ಊಟ. ನಮ್ಮಲ್ಲೂ ಹೊಸ ಅಕ್ಕಿ ಊಟ ಉಂಟು, ಕೊಂಕಣಿಗಳಲ್ಲೂ ಉಂಟು. ದೇವರು ಬೇರೆ, ಗದ್ದೆ ಒಂದೇ.

ಮಿಕ್ಸಿ ಬಂದಾಗ ಅಪ್ಪ ಹೆದರಿದ್ದರು. ಆದರೆ ಅದರಿಂದ ಮೂಲೆಗೆ ಬಿದ್ದದ್ದು ಕಡೆಯುವ ಕಲ್ಲು. ಮಿಲ್ಲಿಗೆ ಏನೂ ಆಗಲಿಲ್ಲ. ಮಿಲ್ಲಿನ ಸಾಲು ಕರಗಿದ್ದು ಅಂಗಳಗಳು ಹೋದ ಮೇಲೆ. ಹೆಂಚಿನ ಮನೆಗಳಿದ್ದಲ್ಲಿ ಫ್ಲ್ಯಾಟುಗಳೆದ್ದವು. ಚಾಪೆ ಹಾಸಿ ಮೆಣಸು ಹರವಲು ಜಾಗವಿಲ್ಲದವರು ಪ್ಯಾಕೆಟ್ ಕೊಂಡರು. ಸಣ್ಣಕ್ಕೂ ಯೀಸ್ಟ್ ಬಂತು.

ಈಗ ಮಿಲ್ಲು ತಮ್ಮನದು. ಅವನೂ ಬಫಾತ್ ಪುಡಿಯ ಪ್ಯಾಕೆಟ್ ಮಾಡುತ್ತಾನೆ. ಗಲ್ಫಿಗೆ ಹೋಗುವವರ ಸೂಟ್‌ಕೇಸ್ ಸೇರುವುದೂ ಅದೇ. ಪ್ಯಾಕೆಟ್ಟನ್ನು ನಾನು ಬೈಯುವುದಿಲ್ಲ. ಒಂದು ಸಮುದಾಯದ ಅಡುಗೆಮನೆಯಲ್ಲೇ ಇದ್ದ ಪುಡಿ ಈಗ ನಮ್ಮ ಕೋಳಿ ಸುಕ್ಕಕ್ಕೂ ಬೀಳುತ್ತದೆ, ರುಚಿಯಾಗಿಯೇ ಇರುತ್ತದೆ. ಆದರೆ ಮನೆಗೊಂದು ಬಫಾತ್ ಇದ್ದ ಊರಿನಲ್ಲಿ ಈಗ ಅಂಗಡಿಗೊಂದು ಬಫಾತ್.

ಕಳೆದ ಬೇಸಿಗೆಯಲ್ಲಿ ವಯಸ್ಸಾದ ಬಾಯಮ್ಮ ಒಬ್ಬರು ಪ್ಯಾಕೆಟ್ ಹಿಡಿದು ಬಂದು, "ಇದು ಯಾರ ಮನೆಯದ್ದು? ನಮ್ಮದಂತೂ ಅಲ್ಲ" ಎಂದರು. "ನಿಮ್ಮದೇ ಸಾಮಾನು ತನ್ನಿ, ಮಾಡಿಕೊಡುವ. ಎರಡು ಕೆಜಿಗಿಂತ ಕಡಿಮೆಯಾದರೆ ಮೆಷಿನಿಗೆ ಹಾಕುವುದಿಲ್ಲ" ಎಂದ ತಮ್ಮ. ಒಬ್ಬರೇ ಇರುವ ಮನೆಗೆ ಎರಡು ಕೆಜಿ ಯಾತಕ್ಕೆ? ವಾರ ಬಿಟ್ಟು ಅವರು ತಾವಿರುವ ಮಹಡಿಯ ಇಬ್ಬರನ್ನು ಕೂಡಿಸಿಕೊಂಡು ಡಬ್ಬದೊಂದಿಗೆ ರಿಕ್ಷಾ ಇಳಿದರು. ಒಬ್ಬರು ಶೆಟ್ರ ಮನೆಯವರು, ಇನ್ನೊಬ್ಬರು ಹುಬ್ಬಳ್ಳಿಯವರು. ಟೆರೇಸಿನಲ್ಲಿ ಒಟ್ಟಿಗೆ ಒಣಗಿಸಿದ್ದಂತೆ. ಜೀರಿಗೆ ಎಷ್ಟು ಹಾಕಿದ್ದೆಂದು ಆ ಇಬ್ಬರಿಗೂ ಹೇಳಿರಲಿಲ್ಲ.