ಮಣಲೇರನಿಗೆ ನಾಯಿ ಕೊಡಬಹುದೇ?

ಬೆಂಗಳೂರಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನಾನು ಎತ್ತುವುದಿಲ್ಲ. ಸಾಲ ಕೊಡುತ್ತೇವೆಂದು ಬೆನ್ನು ಹತ್ತುವವರೇ ಹೆಚ್ಚು. ಆವತ್ತು ಊಟದ ಮಂಪರಿನಲ್ಲಿ ಎತ್ತಿಬಿಟ್ಟೆ. ಒಬ್ಬ ಹುಡುಗಿ ಬಹಳ ನಯವಾಗಿ ನನ್ನ ಅಣ್ಣನ ಮಗನ ಹೆಸರು ಹೇಳಿ, "ಇವರು ನಿಮಗೆ ಎಷ್ಟು ವರ್ಷದಿಂದ ಪರಿಚಯ ಸರ್?" ಅಂದಳು. ಹುಟ್ಟಿದಾಗಿನಿಂದ ಅಂದೆ. "ಸಿಟ್ಟು ಜಾಸ್ತಿನಾ? ಮನೇಲಿ ಎಲ್ಲರ ಒಪ್ಪಿಗೆ ಇದೆಯಾ? ಸ್ವಂತ ಮನೇನಾ, ಬಾಡಿಗೇನಾ? ರಾತ್ರಿ ಎಷ್ಟೊತ್ತಿಗೆ ಬರ್ತಾರೆ?" ನನ್ನ ಎದೆ ಧಸಕ್ಕೆಂದಿತು. ಹೆಂಡತಿ, ಮಗಳು ಇರುವ ಸಂಸಾರಿ ಅವನು. ಇವರು ಯಾವ ಕನ್ಯೆಯ ಕಡೆಯವರು?

ಅರ್ಧ ಮಾತಾದ ಮೇಲೆ ವಿಷಯ ತಿಳಿಯಿತು. ಗಾಡಿಗೆ ಸಿಕ್ಕು ರಸ್ತೆಯಲ್ಲಿ ಬಿದ್ದಿದ್ದ ನಾಯಿಯನ್ನು ಎತ್ತಿ ತಂದು, ಔಷಧೋಪಚಾರ ಮಾಡಿ, ಈಗ ಅದಕ್ಕೊಂದು ಮನೆ ಹುಡುಕುತ್ತಿದ್ದಾರೆ. ನಮ್ಮ ಹುಡುಗ ಅರ್ಜಿ ಹಾಕಿದ್ದಾನೆ. ಗುಣನಡತೆಯ ಸಾಕ್ಷಿಗೆ ಕಾಕಾನ ನಂಬರ್ ಕೊಟ್ಟಿದ್ದಾನೆ. "ನಾಯಿ ಮುಂದ ಅವಗ ಸಿಟ್ಟು ಬರೂದಿಲ್ಲವ್ವ" ಅಂದೆ. ಅದನ್ನೂ ಆಕೆ ಬರೆದುಕೊಂಡಳೆಂದು ಕಾಣುತ್ತದೆ.

ಸಂಜೆ ಅವನು ಆ ಅರ್ಜಿಯನ್ನೇ ವಾಟ್ಸಾಪಿಗೆ ಕಳಿಸಿದ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ. ಬಾಲ್ಕನಿಗೆ ಜಾಲರಿ ಇದೆಯೇ? ದಿನಕ್ಕೆ ಎಷ್ಟು ತಾಸು ನಾಯಿ ಒಂಟಿಯಾಗಿರುತ್ತದೆ? ಕಟ್ಟಿಹಾಕುವುದಿಲ್ಲ, ಮರಿ ಹಾಕಿಸುವುದಿಲ್ಲ, ಬೇಟೆಗೆ ಕಾವಲಿಗೆ ಬಳಸುವುದಿಲ್ಲ, ಸಾಕಲಾಗದಿದ್ದರೆ ಮೂರನೆಯವರಿಗೆ ದಾಟಿಸದೆ ನಮಗೇ ಮರಳಿ ಕೊಡುತ್ತೇವೆ ಎಂದು ರುಜು. ಮನೆ ನೋಡಲು ಒಬ್ಬರು ಬರುತ್ತಾರೆ. ಕೊಟ್ಟ ಮೇಲೂ ಬರುತ್ತಾರೆ. ನನ್ನ ಹೆಂಡತಿ ಪೂರ್ತಿ ಓದಿ, "ನಮ್ಮಪ್ಪ ಇದರಾಗಿನ ಅರ್ಧಾ ಕೇಳಿದ್ರೂ ಛಲೋ ಇತ್ತು" ಎಂದು ಮೊಬೈಲು ತಿರುಗಿ ಕೊಟ್ಟಳು.

ಅಣ್ಣನ ಮಗನಿಗೆ ಈ ಹುಕಿ ಹತ್ತಿಸಿದ್ದು 2025ರ ಆಗಸ್ಟಿನ ಪತ್ರಿಕೆಗಳು. ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಒಳಗೆ ಹಾಕಿ ಎಂದು 11ನೇ ತಾರೀಖು ಹೇಳಿದ್ದ ಸುಪ್ರೀಂ ಕೋರ್ಟು, 22ಕ್ಕೆ ಮೂವರ ಪೀಠದಲ್ಲಿ ಅದನ್ನು ತಿದ್ದಿತು: ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದವು, ಮೈಮೇಲೆ ಬರುವವು ಮಾತ್ರ ಬೇಡ. ಪ್ರಾಣಿಪ್ರಿಯರು ಪಾಲಿಕೆಗೆ ಅರ್ಜಿ ಹಾಕಿ ದತ್ತು ಪಡೆಯಬಹುದು, ಆದರೆ ಒಯ್ದ ನಾಯಿ ಮತ್ತೆ ಬೀದಿಗೆ ಬರಕೂಡದು, ಅದು ಒಯ್ದವರ ಹೊಣೆ ಎಂದೂ ಹೇಳಿತು. ಬೆಂಗಳೂರಿನಲ್ಲಿ ಈ ಕೆಲಸ ಹೊಸದೇನಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಅಜ್ಜಿ ದಿಲ್ಲಿ, ಜೈಪುರಗಳಲ್ಲಿ ಪ್ರಾಣಿಗಳ ಸೇವೆ ಮಾಡಿ, ಎಲ್ಲರೂ ಜಪಮಾಲೆ ಹಿಡಿಯುವ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಎಂಬ ಪ್ರಾಣಿದಯಾ ಸಂಸ್ಥೆ ಕಟ್ಟಿದಳು. ಅಂದಿನಿಂದ ಆ ಊರಿನಲ್ಲಿ ನಾಯಿಗೆ ಮನೆ ಹುಡುಕುವವರ ಸಂತತಿ ಬೆಳೆದಿದೆ.

ಆದರೆ ಅರ್ಜಿ ಓದುತ್ತ ನನಗೆ ನೆನಪಾದವರು ಬೆಂಗಳೂರಿನವರಲ್ಲ, ನಮ್ಮ ಕುರುಬರು. ನಮ್ಮೂರು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಕಬ್ಬು ಇನ್ನೂ ಎಲ್ಲ ಹೊಲ ನುಂಗಿರದ ಕಾಲ. ಸುಗ್ಗಿ ಮುಗಿದ ಮೇಲೆ ಕುರುಬರು ಬರುತ್ತಿದ್ದರು. ರಾತ್ರಿ ಹೊಲದಲ್ಲಿ ಕುರಿ ಕೂಡ್ರಿಸಿದರೆ ಗೊಬ್ಬರ ನಮಗೆ, ಜೋಳ ಅವರಿಗೆ. ಒಂದು ವರ್ಷ ಅವರ ಜೊತೆ ಬಂದ ಹೆಣ್ಣುನಾಯಿ ಹೊಲದಲ್ಲೇ ಮರಿ ಹಾಕಿತು. ಅದರಲ್ಲೊಂದು ಕರಿ ಮರಿ, ಮೈ ಮಿಂಚುತ್ತಿತ್ತು. ಅಜ್ಜನ ಕಣ್ಣು ಅದರ ಮೇಲೆ ಬಿತ್ತು. ಕೇಳಿದರೆ ಕುರುಬ ಹೂಂ ಅನ್ನಲಿಲ್ಲ. ಕಂಬಳಿ ಸರಿಮಾಡಿಕೊಂಡು ತಾನೇ ಕೇಳಲು ಶುರು ಮಾಡಿದ.

"ರಾತ್ರಿ ಬೊಗಳಿದ್ರ ಎದ್ದು ನೋಡಾಂವ ಯಾರ್ರಿ ನಿಮ್ಮ ಮನ್ಯಾಗ?"

"ನಾನ ನೋಡ್ತೀನಿ."

"ಹಗಲಿ ಕಟ್ಟತೀರಿ, ಬಿಡ್ತೀರಿ?"

"ಬಿಡ್ತೀವಿ."

"ಮಜ್ಜಿಗಿ ದಿನಾ ಆಕ್ಕೈತಿ?"

ಊರ ಪಂಚರ ಮುಂದೆ ಕೂಡ ಕಾಲು ಮೇಲೆ ಕಾಲು ಹಾಕಿ ಕೂಡ್ರುತ್ತಿದ್ದ ಅಜ್ಜ, ಹೊಲದ ಬದುವಿನಲ್ಲಿ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟ. ಎಲ್ಲ ಕೇಳಿದ ಮೇಲೆ ಕುರುಬ ಕೊಟ್ಟದ್ದು ಕರಿ ಮರಿಯನ್ನಲ್ಲ. ಬೂದು ಬಣ್ಣದ, ಸಪ್ಪಗೆ ಕಾಣುವ ಇನ್ನೊಂದನ್ನು. "ಅದು ಕುರಿ ಹಿಂದ ಹೊಕ್ಕೈತ್ರಿ. ಇದು ಒಲಿ ಹಂತ್ಯಾಕ ಬರತೈತಿ. ಅದು ಹಟ್ಟಿ ನಾಯಿ, ಇದು ಮನಿ ನಾಯಿ" ಅಂದ. ಕಣ್ಣು ಬಿಟ್ಟು ಹೆಚ್ಚು ದಿನವಾಗಿರದ ಮರಿಗಳ ಜಾತಕ ಅವನಿಗೆ ಆಗಲೇ ಗೊತ್ತಿತ್ತು. ಮುಂದಿನ ಸುಗ್ಗಿಗೆ ಬಂದಾಗ ಅಜ್ಜನಿಗೆ ಶರಣು ಅನ್ನುವ ಮೊದಲು ಅಂವ ಮಾಡಿದ್ದು ಏನು? ನಾಯಿಯ ಪಕ್ಕೆಲುಬು ಮುಟ್ಟಿ ನೋಡಿದ, ಕೊರಳಲ್ಲಿ ಹಗ್ಗದ ಗುರುತು ಇದೆಯೋ ಎಂದು ಕೂದಲು ಸರಿಸಿ ನೋಡಿದ. ಇಲ್ಲದ್ದಕ್ಕೆ ನಮ್ಮ ಮನೆಯಲ್ಲಿ ಚಹಾ ಕುಡಿದ. ಇದ್ದಿದ್ದರೆ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ.

ಕೇಳಿ ಕೊಡುವ ಈ ಪದ್ಧತಿ ರಾಜರಿಗೆ ಇರಲಿಲ್ಲ. ಇಲ್ಲಿ ನಾನು ಮಣಲೇರನ ಸಂಗತಿಗೆ ಬರಲೇಬೇಕು. ನಾಯಿ ಅಂದಾಗೆಲ್ಲ ಮಣಲೇರನನ್ನು ಎಳೆದು ತರುತ್ತೇನೆಂದು ಮನೆಯಲ್ಲಿ ದೂರಿದೆ. ತಂದರೆ ತಪ್ಪೇನು? ಕನ್ನಡ ನಾಡಿನಲ್ಲಿ ಹೆಸರಿಟ್ಟು, ದಿನವೂ ಪೂಜೆ ಆಗಲೆಂದು ಭೂಮಿ ಬಿಟ್ಟು, ಕಲ್ಲು ನಿಲ್ಲಿಸಿಕೊಂಡ ನಾಯಿಗಳೆಷ್ಟಿವೆ?

ತಕ್ಕೋಲದ ಯುದ್ಧ ಗೊತ್ತಿದ್ದದ್ದೇ. ನಮ್ಮ ಸೀಮೆಯನ್ನೆಲ್ಲ ಆಳುತ್ತಿದ್ದ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ಹೋದ. ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಣ್ಣೆದುರು ಅವನ ಬಂಟ ಮಣಲೇರ ಹೊಡೆದಾಡಿದ. ಮೆಚ್ಚಿದ ಬೂತುಗ, ಬೇಕಾದ್ದು ಕೇಳು ಅಂದ. ಊರು ಕೇಳಬಹುದಿತ್ತು, ಆನೆ ಕೇಳಬಹುದಿತ್ತು. ಮಣಲೇರ ಕೇಳಿದ್ದು ಬೂತುಗನ ನಾಯಿ ಕಾಳಿಯನ್ನು. (ಊರೂ ಅವನಿಗೆ ಸಿಕ್ಕವು, ಆ ಮಾತು ಬೇರೆ.) ಎಷ್ಟು ದಿನದಿಂದ ಅದರ ಮೇಲೆ ಮನಸ್ಸಿಟ್ಟಿದ್ದನೋ! ದಂಡಿನ ಬಿಡಾರದಲ್ಲಿ ದೊರೆಯ ಕಾಲ ಬಳಿ ಅದು ಮಲಗಿದ್ದಾಗೆಲ್ಲ ಕದ್ದು ನೋಡಿರಬೇಕು. ತನ್ನ ಎಲೆಯ ಮಾಂಸ ಅದಕ್ಕೆ ಹಾಕಿರಬೇಕು. ಈ ಕಥೆ ಹೇಳುವ ಆತಕೂರಿನ ಶಾಸನದಲ್ಲಿ ಇದೇನೂ ಇಲ್ಲ, ನನ್ನದೇ ಜೋಡಣೆ.

ಬೂತುಗ ಒಂದು ಪ್ರಶ್ನೆ ಕೇಳದೆ ಕೊಟ್ಟ. ಮಣಲೇರ ಕಾಳಿಯನ್ನು ಒಯ್ದ. ಆಮೇಲೆ ಕೆಲಲೆನಾಡಿನ ಬೆಳತೂರಿನ ಬಳಿ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಟ್ಟ. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಶಕ 872, ಅಂದರೆ ಕ್ರಿ.ಶ. 949–50. ತಕ್ಕೋಲದಲ್ಲಿ ಚೋಳರ ರಾಜಕುಮಾರ ಸತ್ತ ಸುದ್ದಿಯೂ, ಹಂದಿ ಬೇಟೆಯಲ್ಲಿ ನಾಯಿ ಸತ್ತ ಸುದ್ದಿಯೂ ಒಂದೇ ಕಲ್ಲಿನ ಮೇಲೆ. ಆದರೆ ಚಿತ್ರ ಕೆತ್ತಿದ್ದು ರಾಜಾದಿತ್ಯನದಲ್ಲ, ನಾಯಿ ಹಂದಿಯದು. ಇತಿಹಾಸದ ಪಂಡಿತರು ಅಕ್ಷರಗಳನ್ನು ನೋಡುತ್ತಾರೆ. ನಾನು ಚಿತ್ರ ನೋಡುತ್ತೇನೆ.

ಆ ಭೂಮಿ ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಂದು ಶಾಸನ ಹೇಳುತ್ತದೆ. ನಾಯಿ ಏನು ಪಾಪ ಮಾಡಿತ್ತೋ ಪಾಪ! ನನ್ನನ್ನು ಹಿಡಿದದ್ದು ಆ ಗೊರವ. ಆತಕೂರಿನ ಗೊರವ ಶಿವನ ಗುಡಿಯ ಪೂಜಾರಿ. ಇಂದು ಮೈಲಾರದ ಜಾತ್ರೆಗೆ ಹೋದರೆ ಕಂಬಳಿ ಹೊದ್ದ ಗೊರವಯ್ಯ ದೋಣಿಯಲ್ಲಿ ಹಾಲು ಬಾಳೆಹಣ್ಣು ಹಾಕಿಸಿಕೊಂಡು, ದೇವರ ನಾಯಿಯಾಗಿ ಬಾಯಿ ಹಾಕಿ ತಿನ್ನುತ್ತಾನೆ. ನಮ್ಮ ಕಡೆ ಅದೇ ದೇವರು ಖಂಡೋಬಾ, ಅವನ ನಾಯಿಯಾಗಿ ಆಡುವವನು ವಾಘ್ಯಾ. ಕಾಗವಾಡ ತಾಲೂಕಿನ ಮಂಗಸೂಳಿಯ ಖಂಡೋಬಾನ ಜಾತ್ರೆಗೆ ಅಜ್ಜನ ಹೆಗಲ ಮೇಲೆ ಹೋದವನು ನಾನು; ಭಂಡಾರ ಎರಚಿದ ಅರಿಶಿನ ಹೊಗೆಯೊಳಗೆ ಇವರನ್ನು ನೋಡಿ ಹೆದರಿ ಅತ್ತಿದ್ದೆ. ಒಂದು ಕಡೆ ನಾಯಿಯನ್ನು ಪೂಜಿಸುವ ಗೊರವ, ಇನ್ನೊಂದು ಕಡೆ ತಾನೇ ನಾಯಿಯಾದ ಗೊರವ. ನಡುವೆ ಸಾವಿರ ವರ್ಷ ಏನಾಯಿತೆಂದು ತಿಳಿದವರು ಬರೆಯಲಿ. ನಾನು ಕಾಳಿಯ ಅಭಿಮಾನಿ, ಇದೆಲ್ಲ ಆಕೆಯ ಪುಣ್ಯವೆಂದೇ ನಂಬಲು ಸಿದ್ಧ.

ಆದರೂ ಆ ಅರ್ಜಿ ಹಿಡಿದು ನೋಡಿದರೆ ಮಣಲೇರ ಮೊದಲ ಪುಟದಲ್ಲೇ ಫೇಲು. ಬೇಟೆಗೆ ಬಳಸುತ್ತೀರಾ? ಬಳಸುತ್ತೇನೆ. ದಿನಕ್ಕೆ ಎಷ್ಟು ತಾಸು ಮನೆಯಲ್ಲಿರುತ್ತೀರಿ? ದೊರೆ ದಂಡೆತ್ತಿ ಹೋಗದಿದ್ದರೆ ಇರುತ್ತೇನೆ. ಇಡೀ ರಾಜ್ಯದಲ್ಲಿ ಆ ನಾಯಿಯನ್ನು ಅಷ್ಟು ಬಯಸಿದವನು ಇನ್ನೊಬ್ಬನಿರಲಿಲ್ಲ. ಅದನ್ನು ಹಂದಿಯ ಬಾಯಿಗೆ ಬಿಟ್ಟವನೂ ಅವನೇ. ಬಯಸುವುದು ಬೇರೆ, ಒಗ್ಗುವುದು ಬೇರೆ ಎಂಬುದು ಆ ಕುರುಬನಿಗೆ ಗೊತ್ತಿತ್ತು, ಬೂತುಗನಿಗೆ ಗೊತ್ತಿರಲಿಲ್ಲ. ಸಂಸ್ಥೆಯ ಹುಡುಗಿ ಮನೆ ಸರಿ ಇದೆಯೋ ಎಂದು ಕೇಳಲು ಮತ್ತೆ ಫೋನ್ ಮಾಡಿದಾಗ ಈ ಕಥೆ ಹೇಳಿ, "ಇಂಥವನಿಗೆ ಕೊಡ್ತಿದ್ದೀಯೇನವ್ವ?" ಅಂದೆ. "ಇಲ್ಲ ಸರ್, ರಿಜೆಕ್ಟ್" ಅಂದಳು, ಒಂದು ಕ್ಷಣವೂ ಯೋಚಿಸದೆ. ನನಗೆ ಸ್ವಲ್ಪ ಕೆಟ್ಟದೆನಿಸಿತು. ಅಂಥ ಕಲ್ಲು ನಿಲ್ಲಿಸಿದವನಲ್ಲವೇ?

ಆಕೆಯ ಲೆಕ್ಕದಲ್ಲಿ ದತ್ತಾತ್ರೇಯನೂ ಪಾಸಾಗಲಾರ. ನಮ್ಮ ಚಿಕ್ಕೋಡಿ, ನಿಪ್ಪಾಣಿಯವರು ಹುಣ್ಣಿಮೆಗೆ ನರಸೋಬಾನ ವಾಡಿಗೆ ಹೋಗುತ್ತಾರೆ. ಕೃಷ್ಣೆ ಪಂಚಗಂಗೆ ಕೂಡುವ ಜಾಗ. ಅಲ್ಲಿ ಕೊಳ್ಳುವ ಫೋಟೋದಲ್ಲಿ ದತ್ತನ ಕಾಲ ಬಳಿ ನಾಲ್ಕು ನಾಯಿ. ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಸ್ವಾಮಿಯ ವಿಳಾಸವೋ, ಕಾಶಿಯಲ್ಲಿ ಸ್ನಾನ, ಕೊಲ್ಲಾಪುರದಲ್ಲಿ ಭಿಕ್ಷೆ, ಮಾಹೂರಿನಲ್ಲಿ ನಿದ್ದೆ. ಸ್ವಂತ ಮನೆಯೂ ಅಲ್ಲ, ಬಾಡಿಗೆಯೂ ಅಲ್ಲ. ಆದರೆ ಫೋಟೋದಲ್ಲಿ ಒಂದು ನಾಯಿಯೂ ಬಡಕಲಾಗಿಲ್ಲ, ಒಂದರ ಕೊರಳಲ್ಲೂ ಹಗ್ಗವಿಲ್ಲ. ನಮ್ಮ ಕುರುಬ ಬಂದಿದ್ದರೆ ಮುಟ್ಟಿ ನೋಡಿ, ಚಹಾ ಕುಡಿದು ಹೋಗುತ್ತಿದ್ದ.

ರಾಜರ ಮಾತು ಬಂತೆಂದು ಮುಧೋಳವನ್ನು ಬಿಡಲಾಗದು. ಅಲ್ಲಿನ ಮಾಲೋಜಿರಾವ್ ಘೋರ್ಪಡೆಯವರು ಬೇಟೆನಾಯಿ ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂಬ ಕಥೆಗೆ 1937 ಎಂದು ಇಸವಿ ಹಾಕುವವರಿದ್ದಾರೆ. ಆ ದೊರೆ 1936ರ ಜನವರಿಯಲ್ಲೇ ತೀರಿಕೊಂಡಿದ್ದ; ಪಡೆದವನು ಯಾವ ಲೋಕದಲ್ಲಿ ಪಡೆದನೋ. 2005ರಲ್ಲಿ ಈ ನಾಯಿ ಅಂಚೆ ಚೀಟಿಗೆ ಬಂತು, ಆಮೇಲೆ ಮೀರತ್ತಿಗೆ ಹೋಗಿ ಸೈನ್ಯದ ತರಬೇತಿಗೂ ನಿಂತಿತು. ಹೊಲದಲ್ಲಿ ಮೊಲದ ಬೆನ್ನು ಹತ್ತಿ ಓಡಲೆಂದೇ ಹುಟ್ಟಿದ ಉದ್ದ ಕಾಲಿನ ಪ್ರಾಣಿ. ಅದನ್ನು ಶೋಕಿಗೆ ತಂದು ನಗರದ ಎರಡು ಕೋಣೆಯ ಮನೆಯಲ್ಲಿ ಕೂಡಿಹಾಕಿ, ಸೋಫಾ ಹರಿಯಿತೆಂದು ಗೋಳಾಡುವವರನ್ನು ಕಂಡಾಗ ಅರ್ಜಿಯ ಪುಟಗಳು ಇನ್ನೂ ನಾಲ್ಕು ಹೆಚ್ಚಾಗಲಿ ಅನಿಸುತ್ತದೆ.

ಯಾವ ಪುಟವೂ ಇಲ್ಲದೆ ಸರಿಯಾಗುವುದೂ ಉಂಟು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆಲೇ ಏರಿದವು. ಯಮಗರ್ಣಿ ಹತ್ತಿರ ಹೆದ್ದಾರಿಯ ಮೇಲೇ ನೀರು; ಪ್ರತಿ ಮಳೆಗಾಲ ಮುಳುಗುವ ಕಲ್ಲೋಳ–ಯಡೂರು ಬ್ಯಾರೇಜಿನ ಮಾತು ಬೇಡವೇ ಬೇಡ. ಜನರನ್ನು ಶಾಲೆಗಳಿಗೆ ಸಾಗಿಸಿದರು, ದನಗಳಿಗೆ ಮೇವು ಬಂತು. ನಾಯಿಗಳ ಲೆಕ್ಕ ಬರೆಯಲು ಯಾವ ಪಟ್ಟಿಯಲ್ಲೂ ಜಾಗವಿರಲಿಲ್ಲ. ಬೋಟಿನ ಹಿಂದೆ ಈಜಿ ಬಂದ ನಾಯಿಯೊಂದು ನಮ್ಮವರಿದ್ದ ಶಾಲೆಯಲ್ಲಿ ಅಡಿಗೆ ಮಾಡುವಾಕೆಯ ಸೆರಗು ಹಿಡಿಯಿತು. ನೀರು ಇಳಿದು ಎಲ್ಲರೂ ಊರಿಗೆ ಹೋದರೂ ಅದು ಏಳಲಿಲ್ಲ. ಒಡೆಯ ಬಂದು ಹಗ್ಗ ಹಾಕಿ ಎಳೆದೊಯ್ದ. ಮರುದಿನ ಬೆಳಿಗ್ಗೆ ಶಾಲೆಯ ಒಲೆ ಮುಂದೆ ಹಾಜರು. ಮತ್ತೊಮ್ಮೆ ಒಯ್ದ, ಮತ್ತೆ ಬಂತು. ಕಡೆಗೆ ಅಂವ, "ನಮ್ಮ ಮನ್ಯಾಗ ಕಡಿಮಿ ಏನ್ ಮಾಡಿದ್ವಿ, ಕೇಳ್ರಿ ಅದಕ್ಕ" ಎಂದು ಹಗ್ಗವನ್ನು ಅಲ್ಲೇ ಬಿಟ್ಟು ಹೋದ.

ಬೆಂಗಳೂರಿನ ಹುಡುಗನಿಗೆ ಅವನು ಬಯಸಿದ, ಜಿಗಿಯುವ ಮರಿ ಸಿಗಲಿಲ್ಲ. ಮನೆ ನೋಡಲು ಬಂದವರು ಅವನು ಲ್ಯಾಪ್‌ಟಾಪ್ ಮುಂದೆ ದಿನವಿಡೀ ಕೂತಿರುವುದನ್ನು ನೋಡಿ, ಮುಖದ ಕೂದಲು ನರೆತ ಎಂಟು ವರ್ಷದ ಗಂಡುನಾಯಿಯನ್ನು ಮುಂದಿಟ್ಟರು. "ಕಾಕಾ, ಇದು ಮಲಕೊಂಡ ಇರತೈತಿ" ಎಂದು ದೂರು. ನೀನೂ ಅಷ್ಟೇ ಅಲ್ಲೇನೋ ಅಂದೆ. ಈಗ ಇಬ್ಬರೂ ಸುಖವಾಗಿದ್ದಾರೆ.

ನನಗೂ ಆಸೆ ಹತ್ತಿತು. ಮೊನ್ನೆ ಚಿಕ್ಕೋಡಿ ರಸ್ತೆಯಲ್ಲಿ ಕುರಿಹಿಂಡು ಅಡ್ಡ ಬಂತು. ಹಿಂದೆ ಸಾಮಾನಿನ ಟೆಂಪೊ, ಅದರಲ್ಲಿ ಕುರಿಮರಿಗಳ ನಡುವೆ ನಾಯಿಮರಿಗಳು. ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ಇಯರ್‌ಫೋನ್ ಇದ್ದ ಹುಡುಗ ಕುರುಬ. ಒಂದು ಮರಿ ಕೊಡ್ತೀಯೇನಪ್ಪಾ ಅಂದೆ. ಇಯರ್‌ಫೋನ್ ತೆಗೆದು, ನನ್ನನ್ನು ಕಾಲಿನಿಂದ ತಲೆತನಕ ನೋಡಿದ.

"ಮನ್ಯಾಗ ಯಾರ್ ಯಾರ್ ಅದೀರ್ರಿ ಅಜ್ಜಾರ?"

"ನಾನು, ನಮ್ಮಾಕಿ."

"ಮಕ್ಕಳು?"

"ಪುಣೆದಾಗ."

"ನಿಮಗ ವಯಸ್ಸೆಷ್ಟ್ರಿ?"

ಹೇಳಿದೆ. ಅವನು ಮರಿಗಳ ಕಡೆ ನೋಡಿದ, ಮತ್ತೆ ನನ್ನ ಕಡೆ ನೋಡಿದ.

"ನಾಯಿ ಹತ್ತ ಹನ್ನೆರಡ ವರ್ಷ ಬಾಳತೈತ್ರಿ. ಆಡಿನ ಮರಿ ಬೇಕಂದ್ರ ಒಯ್ರಿ. ಅದಕ್ಕ ಯಾರ ಮನಿ ಆದ್ರೂ ನಡೀತೈತಿ."